ಸಲಮಾಂಕಾದ ಮೊದಲ ದಿನಗಳು

ಪರಭಾಷೆಯೊಂದನ್ನು ಕಲಿಯಹೊರಟವರು ಮೊದಲು ಕಳೆದುಕೊಳ್ಳುವುದು ತಮ್ಮ ವಯಸ್ಸನ್ನು. ತಾಯ್ನುಡಿಯಲ್ಲಿ ವಾದಿಸಬಲ್ಲ, ನಗಿಸಬಲ್ಲ ಪ್ರೌಢರು ಹೊಸ ನುಡಿಯ ಹೊಸ್ತಿಲಲ್ಲಿ ಎರಡು ವರ್ಷದ ಕೂಸುಗಳಾಗಿಬಿಡುತ್ತಾರೆ. ಕೂಸಿಗಾದರೋ ಯಾರೂ ನಗುವುದಿಲ್ಲ. ಇವರ ಪಾಡು ಹಾಗಲ್ಲ.

ನನ್ನಲ್ಲಿ ಕನ್ನಡ ಎಂ.ಎ. ಓದಿದ ವಿದ್ಯಾರ್ಥಿನಿಯೊಬ್ಬಳು ಕೆಲವು ವರ್ಷಗಳ ಹಿಂದೆ ಸ್ಪ್ಯಾನಿಷ್ ಕಲಿಯಲೆಂದು ಸ್ಪೇನಿನ ಸಲಮಾಂಕಾ ನಗರಕ್ಕೆ ಹೋದಳು. ಸರ್ವಾಂತೆಸ್, ಲೋರ್ಕಾ ಮೊದಲಾದವರನ್ನು ನಾವು ಬಹುಮಟ್ಟಿಗೆ ಇಂಗ್ಲಿಷಿನ ಕಿಟಕಿಯಿಂದ ಇಣುಕಿ ನೋಡಿದವರು. ಬಾಗಿಲಿನಿಂದಲೇ ಒಳಹೋಗಬೇಕೆಂಬುದು ಅವಳ ಹಂಬಲ. ಅದಕ್ಕೆ ತಕ್ಕ ಊರನ್ನೇ ಆರಿಸಿದ್ದಳು. ಅಲ್ಲಿಯ ವಿಶ್ವವಿದ್ಯಾನಿಲಯ 1218ರಲ್ಲಿ ಸ್ಥಾಪನೆಯಾದುದು. 1492ರಲ್ಲಿ ಸ್ಪ್ಯಾನಿಷಿಗೆ ಮೊದಲ ವ್ಯಾಕರಣವನ್ನು ಬರೆದು ಪ್ರಕಟಿಸಿದ ನೆಬ್ರಿಹಾ ಪಾಠ ಹೇಳಿದ ಸ್ಥಳ ಅದು. ಹೊಂಬಣ್ಣದ ಕಲ್ಲಿನ ಕಟ್ಟಡಗಳು. ವಿಶ್ವವಿದ್ಯಾನಿಲಯದ ಮುಂಗೋಡೆಯ ಕೆತ್ತನೆಯಲ್ಲಿ ತಲೆಬುರುಡೆಯ ಮೇಲೆ ಕುಳಿತ ಪುಟ್ಟ ಕಪ್ಪೆ. ಅದನ್ನು ತಾನಾಗಿ ಹುಡುಕಿದ ವಿದ್ಯಾರ್ಥಿ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತಾನೆಂದು ಪ್ರತೀತಿ.

ಕಪ್ಪೆ ಮೊದಲ ದಿನವೇ ಸಿಕ್ಕಿತು, ಮಾತು ಸಿಗಲಿಲ್ಲ. ಅವಳು ಉಳಿದುಕೊಂಡದ್ದು ಒಬ್ಬ ವೃದ್ಧೆಯ ಮನೆಯಲ್ಲಿ. ರಾತ್ರಿ ಒಂಬತ್ತೂವರೆಗೆ ಊಟ. ಊಟದ ಮೇಜಿನಲ್ಲಿ 'ಆದರೆ' ಎನ್ನಲು ಹೋಗಿ ಇವಳು 'ನಾಯಿ' ಎಂದಳಂತೆ. 'ಪೆರೊ' ಎಂದರೆ ಆದರೆ. ರಕಾರವನ್ನು ಒತ್ತಿ ಉರುಳಿಸಿ 'ಪೆರ್ರೊ' ಎಂದರೆ ನಾಯಿ. ಮೂರನೆಯ ವಾರ ನನಗೆ ಫೋನು ಮಾಡಿ, "ಸರ್, ಪಂಪನ ಮೇಲೆ ಒಂದು ಗಂಟೆ ಮಾತಾಡುತ್ತಿದ್ದವಳಿಗೆ ಇಲ್ಲಿ ಹಲ್ಲುನೋವೆಂದು ಹೇಳಲು ಬಾಯಿಲ್ಲ. ನಾನಿಲ್ಲಿ ಯಾರೂ ಅಲ್ಲ. ಬಂದುಬಿಡುತ್ತೇನೆ" ಎಂದಳು.

"ಬರುವೆಯಂತೆ ತಾಯಿ. ಅದಕ್ಕೆ ಮೊದಲು ಶಬ್ದಮಣಿದರ್ಪಣವನ್ನು ಒಮ್ಮೆ ನೆನೆದುಕೋ" ಎಂದೆ. ಹಳಗನ್ನಡದಲ್ಲಿಯೂ ಎರಡು ರೇಫಗಳಿದ್ದುವಲ್ಲವೇ? 'ಅರಿ' ಎಂದರೆ ಕತ್ತರಿಸು, 'ಅಱಿ' ಎಂದರೆ ತಿಳಿ. ಶಕಟರೇಫವನ್ನು ನಾವು ಕಾಲಾಂತರದಲ್ಲಿ ಕಳೆದುಕೊಂಡೆವು. ಅಂಥದೊಂದು ಭೇದವನ್ನು ಸ್ಪ್ಯಾನಿಷರು ಇನ್ನೂ ನಾಲಗೆಯ ಮೇಲೆ ಇಟ್ಟುಕೊಂಡಿದ್ದಾರೆ.

ಆ ದಿನದಿಂದ ಅವಳು ಹೊಸ ನುಡಿಯನ್ನು ಇಂಗ್ಲಿಷಿನ ಮೂಲಕ ಅಳೆಯುವುದನ್ನು ಬಿಟ್ಟು ಕನ್ನಡದ ಪಕ್ಕದಲ್ಲಿಟ್ಟು ನೋಡತೊಡಗಿದಳು. 'ನನಗೆ ಇಷ್ಟ' ಎಂಬುದಕ್ಕೆ ಸ್ಪ್ಯಾನಿಷಿನಲ್ಲಿ 'ಮೆ ಗುಸ್ತಾ'. ಅಲ್ಲಿಯೂ 'ನಾನು' ಕರ್ತೃವಲ್ಲ. ಇಷ್ಟವು ನನಗೆ ಆಗುತ್ತದೆ. ಇಂಗ್ಲಿಷಿನಿಂದ ಬಂದ ಸಹಪಾಠಿಗಳು ತಡವರಿಸುವೆಡೆ ಇವಳಿಗೆ ತವರಿನ ದಾರಿ. ಕ್ರಿಯಾಪದದ ತುದಿಯೇ ಆಡುವವರಾರೆಂದು ಹೇಳುವುದರಿಂದ ಸರ್ವನಾಮವನ್ನು ಬಿಡುವುದೂ ನಮ್ಮಂತೆಯೇ. 'ಇರು' ಎಂಬುದಕ್ಕೆ ಅವರಿಗೆ ಎರಡು ಧಾತುಗಳು, 'ಸೆರ್' ಮತ್ತು 'ಎಸ್ತಾರ್'. "ಅವಳು ಉಪಾಧ್ಯಾಯಿನಿ" ಎಂಬಲ್ಲಿ ನಾವು ಕ್ರಿಯಾಪದವನ್ನೇ ಬಳಸುವುದಿಲ್ಲ. "ಮನೆಯಲ್ಲಿದ್ದಾಳೆ" ಎಂಬಲ್ಲಿ ಬಳಸುತ್ತೇವೆ. ಮೊದಲನೆಯದಕ್ಕೆ ಸೆರ್, ಎರಡನೆಯದಕ್ಕೆ ಎಸ್ತಾರ್. ನೀನು, ನೀವು ಎಂಬ ಭೇದಕ್ಕೆ 'ತೂ', 'ಉಸ್ತೆದ್'. ಲಿಂಗವೊಂದು ಮಾತ್ರ ಕೊನೆಯವರೆಗೂ ಕಾಡಿತು. ನಮ್ಮಲ್ಲಿ ನಪುಂಸಕವಾಗಿ ತೆಪ್ಪಗಿರುವ ಮೇಜು ಅಲ್ಲಿ ಸ್ತ್ರೀ, ಪುಸ್ತಕ ಪುರುಷ.

ಆ ವಿಶ್ವವಿದ್ಯಾನಿಲಯದಲ್ಲಿ ಒರಟು ಮರದ ಬೆಂಚುಗಳುಳ್ಳ ಹಳೆಯ ತರಗತಿಯೊಂದನ್ನು ಇಂದಿಗೂ ಕಾಪಾಡಿಕೊಂಡಿದ್ದಾರೆ. ಅದು ಕವಿ, ಪ್ರಾಧ್ಯಾಪಕ ಫ್ರಾಯ್ ಲೂಯಿಸ್ ದೆ ಲೆಯೋನನ ಹೆಸರಿನದು. ಬೈಬಲ್ಲಿನ ಪರಮಗೀತೆಯನ್ನು ಜನರ ನುಡಿಗೆ ತಂದುದೂ, ಲ್ಯಾಟಿನ್ ಪಾಠಕ್ಕಿಂತ ಹೀಬ್ರೂ ಮೂಲವನ್ನು ಹಿಡಿದುದೂ ಅವನ ಮೇಲಿನ ಆರೋಪಗಳಲ್ಲಿ ಸೇರಿದ್ದುವು. 1572ರಿಂದ 1576ರವರೆಗೆ ಧರ್ಮವಿಚಾರಣೆಯವರು ಅವನನ್ನು ಸೆರೆಯಲ್ಲಿಟ್ಟರು. ಮೂಲಕ್ಕೆ ಹೋಗುವುದಕ್ಕೂ ತಾಯ್ನುಡಿಗೆ ತರುವುದಕ್ಕೂ ಒಬ್ಬನು ತೆತ್ತ ಬೆಲೆಯಿದು. ನಮ್ಮ ಹುಡುಗಿ ಆ ಬೆಂಚುಗಳನ್ನು ನೋಡಿಬಂದ ಸಂಜೆ ಹಿಂದಿರುಗುವ ಮಾತನ್ನು ಎತ್ತಲಿಲ್ಲ.

ತಿಂಗಳ ಕೊನೆಯಲ್ಲಿ ಆ ವೃದ್ಧೆಯ ತಮ್ಮ ತೀರಿಕೊಂಡ ಸುದ್ದಿ ಬಂತು. ಸಾಂತ್ವನಕ್ಕೆ ಇವಳಲ್ಲಿದ್ದುದು ಎರಡೇ ಪದ: 'ಲೊ ಸಿಯೆಂತೊ'. ಅಕ್ಷರಶಃ, 'ಅದು ನನ್ನ ಅನುಭವಕ್ಕೂ ಬರುತ್ತಿದೆ' ಎಂದು. ಅಷ್ಟನ್ನೇ ಹೇಳಿ ಪಕ್ಕದಲ್ಲಿ ಕುಳಿತಳು. ಅಜ್ಜಿ ಅವಳ ಕೈ ಹಿಡಿದು ಒಂದು ಗಂಟೆ ತಮ್ಮನ ಬಾಲ್ಯವನ್ನು ಹೇಳಿಕೊಂಡರಂತೆ. "ಅರ್ಧ ತಿಳಿಯಿತು ಸರ್. ಆದರೆ ನನ್ನೊಡನೆ ಮಾತನಾಡಿದರು" ಎಂದು ಅವಳು ಬರೆದಳು.

ದೂರದೇಶಕ್ಕೆ ಮಕ್ಕಳನ್ನು ಕಳುಹಿದ ತಂದೆತಾಯಿಗಳು ಈ ಮಾತನ್ನು ಕೇಳುತ್ತಿರಬಹುದು. ಮಗಳು ಮೂಗಿಯಾಗಿದ್ದೇನೆಂದು ಅತ್ತರೆ ಗಾಬರಿಯಾಗಬೇಡಿ, ಟಿಕೆಟ್ಟಿಗೆ ಹಣವನ್ನೂ ಒಡನೆಯೇ ಕಳುಹಿಸಬೇಡಿ. ದಿನವೂ ಅವಳೊಡನೆ ಒಂದಿಷ್ಟು ಒಳ್ಳೆಯ ಕನ್ನಡ ಮಾತನಾಡಿ. ಅಲ್ಲಿಯ ನುಡಿ ಬೇರೂರುವುದಕ್ಕೆ ಬೇಕಾದ ಮಣ್ಣು ಅದೇ.