ಊರಿನ ಜನ, ಊರಿನ ದುಡಿಮೆ

(ಗಳಗನಾಥದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ವರದೆಯು ತುಂಗಭದ್ರೆಯನ್ನು ಕೂಡುವ ಸ್ಥಳ ನಿಮ್ಮದು. ಚಾಲುಕ್ಯರ ಕಾಲದ ಗಳಗೇಶ್ವರನ ಗುಡಿ ಇಲ್ಲಿದೆ. ಈ ಊರಿನ ಹೆಸರನ್ನೇ ತಮ್ಮ ಹೆಸರಾಗಿ ಮಾಡಿಕೊಂಡ ಕಾದಂಬರಿಕಾರ ವೆಂಕಟೇಶ ತಿರಕೊ ಕುಲಕರ್ಣಿಯವರು ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿದರು. ಹೀಗೆ ಊರಿನ ಹೆಸರು ನಾಡಿಗೆಲ್ಲ ಗೊತ್ತು. ಆದರೆ ಇಲ್ಲಿ ದುಡಿಯುವವರೆಲ್ಲರ ದುಡಿಮೆ ಲೆಕ್ಕಕ್ಕೆ ಬಂದಿದೆಯೇ? ಅದನ್ನು ಈ ಹೊತ್ತು ವಿಚಾರ ಮಾಡೋಣ.

ಹಿರಿಯರು ಖಾನೇಸುಮಾರಿ ಎನ್ನುತ್ತಿದ್ದ ಜನಗಣತಿಯು 2011ರಲ್ಲಿ ನಡೆದಾಗ ಹಾವೇರಿ ಜಿಲ್ಲೆಯ ಜನಸಂಖ್ಯೆ 15,97,668 ಆಗಿತ್ತು. 2021ರ ಗಣತಿ ನಡೆಯಲಿಲ್ಲ. ಮುಂದಿನದಕ್ಕೆ 2027ರ ಮಾರ್ಚ್ 1 ಆಧಾರ ದಿನವೆಂದು ಸರಕಾರ 2025ರಲ್ಲಿ ಪ್ರಕಟಿಸಿತು.

ಗಣತಿಯವರು ತಲೆಗಳನ್ನಷ್ಟೇ ಎಣಿಸುವುದಿಲ್ಲ. ಹಿಂದಿನ ಒಂದು ವರ್ಷದಲ್ಲಿ ಏನು ಕೆಲಸ ಮಾಡಿದಿರಿ ಎಂದೂ ಕೇಳುತ್ತಾರೆ. 2011ರಲ್ಲಿ ಇದ್ದ ನಿಯಮ ಹೀಗೆ: ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮುಖ್ಯ ದುಡಿಮೆಗಾರರು, ಕಡಿಮೆ ದುಡಿದವರು ಅಲ್ಪಾವಧಿಯ ದುಡಿಮೆಗಾರರು. ಸ್ವಂತ ಹೊಲವಾಗಲಿ, ಲಾವಣಿಗೆ ಅಥವಾ ಪಾಲಿಗೆ ಹಿಡಿದ ಹೊಲವಾಗಲಿ, ಸಾಗುವಳಿ ಮಾಡುವವನು ಸಾಗುವಳಿದಾರ. ಬೆಳೆಯ ಲಾಭನಷ್ಟ ತನ್ನದಲ್ಲದೆ ಇನ್ನೊಬ್ಬರ ಹೊಲದಲ್ಲಿ ಕೂಲಿಗೆ ಹೋಗುವವನು ಕೃಷಿಕೂಲಿಕಾರ. ಎರಡೂ ಮಾಡುವವರಿದ್ದರೆ, ಯಾವುದಕ್ಕೆ ಹೆಚ್ಚು ಕಾಲ ಹಿಡಿಯಿತೋ ಅದನ್ನೇ ಬರೆಯಬೇಕು.

ಇಲ್ಲಿ ಒಂದು ಮಾತನ್ನು ಮನಸ್ಸಿಟ್ಟು ಕೇಳಿರಿ. ಕೂಲಿ ಇಲ್ಲದೆ ಮನೆಯ ಹೊಲದಲ್ಲಿ ಮಾಡಿದ ಕೆಲಸವೂ ಆ ಲೆಕ್ಕದಲ್ಲಿ ಕೆಲಸವೇ. ಮನೆಯ ಉಪಯೋಗಕ್ಕಷ್ಟೇ ಹಾಲಿನ ದನ ಸಾಕಿದರೂ ಕೆಲಸವೇ. ಅಡಿಗೆ, ಮಕ್ಕಳ ಆರೈಕೆ ಮಾತ್ರ ಅದರಲ್ಲಿ ಸೇರುವುದಿಲ್ಲ.

ಆದರೆ ನಮ್ಮ ರೂಢಿ ಏನು? ಗಣತಿಯವರು "ನಿಮ್ಮ ಮನೆಯವರು ಏನು ಮಾಡುತ್ತಾರೆ?" ಎಂದರೆ, "ಮನೆಯಲ್ಲಿಯೇ ಇರುತ್ತಾಳೆ" ಎಂದು ಯಜಮಾನ ಹೇಳಿಬಿಡುತ್ತಾನೆ. ಗೋವಿನಜೋಳದ ಕಳೆ ತೆಗೆದವರು ಯಾರು? ಹತ್ತಿ ಬಿಡಿಸಿದವರು ಯಾರು? ಮೆಣಸಿನಕಾಯಿ ಹರಿದು ಒಣಗಿಸಿದವರು, ಎಮ್ಮೆಗೆ ಮೇವು ತಂದು ಹಾಲು ಕರೆದವರು ಯಾರು? ಒಂದು ಮಾತಿನಿಂದ ಆಕೆಯ ವರ್ಷದ ದುಡಿಮೆಯೆಲ್ಲ ಕಾಗದದ ಮೇಲೆ ಇಲ್ಲವಾಗುತ್ತದೆ. ಊರಿನಲ್ಲಿ ರೈತ ಹೆಂಗಸರೇ ಕಡಿಮೆ ಎಂದು ಲೆಕ್ಕ ಹೇಳಿದರೆ, ಬೀಜೋಪಚಾರದ ತರಬೇತಿಗೆ, ಹೈನದ ತಿಳಿವಳಿಕೆಗೆ ಅವರನ್ನು ಕರೆಯಬೇಕೆಂದು ಯಾರಿಗೆ ತೋಚೀತು?

ಆದುದರಿಂದ ಗಣತಿಗೆ ಮುಂಚೆ ಮನೆಮಂದಿಯೆಲ್ಲ ಕುಳಿತು ತಿಂಗಳವಾರು ಲೆಕ್ಕ ಹಾಕಿರಿ. ಮುಂಗಾರಿನಲ್ಲಿ ಯಾರು ಎಷ್ಟು ದಿನ ದುಡಿದರು, ಸುಗ್ಗಿಯಲ್ಲಿ ಎಷ್ಟು, ಕೂಲಿಗೆ ಎಷ್ಟು? ದನದ ಕೆಲಸವನ್ನು ಮರೆಯಬೇಡಿರಿ. ಪ್ರಶ್ನೆಗೆ ಸಾಧ್ಯವಾದರೆ ಆ ತಾಯಿಯೇ ಉತ್ತರ ಹೇಳಲಿ.

ರೇಶನ್ ಕಾರ್ಡು ಹೋದೀತೆಂದು ಅಂಜಿ ಕೆಲವರು ದುಡಿಮೆಯನ್ನು ಮುಚ್ಚಿಡುತ್ತಾರೆ. 1948ರ ಜನಗಣತಿ ಕಾಯಿದೆಯ ಪ್ರಕಾರ ಒಬ್ಬೊಬ್ಬರ ಉತ್ತರ ಗುಪ್ತವಾಗಿರುತ್ತದೆ, ಬೇರೆಯವರಿಗೆ ತೋರಿಸುವಂತಿಲ್ಲ. ಇದ್ದುದನ್ನು ಇದ್ದಂತೆ ಹೇಳಿರಿ. ಹೆಚ್ಚೂ ಬೇಡ, ಕಡಿಮೆಯೂ ಬೇಡ.

ಹೊಲದ ಪಹಣಿಯಲ್ಲಿ ಒಂದು ಗುಂಟೆ ತಪ್ಪಿದರೆ ತಾಲೂಕು ಕಚೇರಿಗೆ ಓಡುತ್ತೇವೆ. ಮನೆಯ ಅರ್ಧ ದುಡಿಮೆ ತಪ್ಪಿಹೋಗುವಾಗ ಸುಮ್ಮನಿರುವುದು ಸರಿಯಲ್ಲ. ಈ ಸಲ ಗಳಗನಾಥದ ಒಂದು ಕೈಯ ಕೆಲಸವೂ ಲೆಕ್ಕದಿಂದ ಹೊರಗೆ ಉಳಿಯದಿರಲಿ.