ಮನೆಯ ಮೂಲೆಯಲ್ಲೊಂದು ಗರಡಿ

ಗರಡಿಮನೆ ಎಂದರೆ ಏನು ಎಂದು ನಮ್ಮ ಭಾಗದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡದಲ್ಲಿ ಗರಡಿ ಎಂದರೂ ಅದೇ, ಮರಾಠಿಯಲ್ಲಿ ತಾಲೀಮ ಎಂದರೂ ಅದೇ. ಕೆಂಪು ಮಣ್ಣಿನ ಅಖಾಡ, ಗೋಡೆಯ ಮೇಲೆ ಹನುಮಂತ ದೇವರ ಪಟ, ಮೂಲೆಯಲ್ಲಿ ಒಂದು ಜೊತೆ ಕರೇಲಾ, ಒಂದು ಗದೆ, ಜಾತ್ರೆಯಲ್ಲಿ ಎತ್ತುವಂಥ ಸಂಗ್ರಾಣಿ ಕಲ್ಲು. ಇಷ್ಟೇ ಸಾಮಾನು. ಸಾತಾರಾ ಜಿಲ್ಲೆಯ ಗೋಳೇಶ್ವರ ಎಂಬ ಹಳ್ಳಿಯ ಖಾಶಾಬಾ ಜಾಧವ ಅವರು ಇಂಥ ಮಣ್ಣಿನ ಕುಸ್ತಿಯಿಂದಲೇ ಬೆಳೆದು, 1952ರಲ್ಲಿ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಕಂಚಿನ ಪದಕ ಗೆದ್ದರು. ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಪಂದ್ಯದಲ್ಲಿ ಬಂದ ಮೊದಲ ಒಲಿಂಪಿಕ್ ಪದಕ ಅದು.

ಈಗ ತಾಲೂಕಿನ ಊರುಗಳಲ್ಲೂ ಕನ್ನಡಿ ಹಚ್ಚಿದ ಜಿಮ್ಮುಗಳು ಬಂದಿವೆ. ಬರಲಿ, ಒಳ್ಳೆಯದೇ. ಆದರೆ ಹೊಲ, ದನ, ಅಂಗಡಿ ಬಿಟ್ಟು ದಿನವೂ ಹದಿನೈದು ಮೈಲಿ ಹೋಗಿಬರುವುದು ಎಲ್ಲರಿಗೂ ಸಾಧ್ಯವೇ? ಮನೆಯ ಹೆಣ್ಣುಮಕ್ಕಳಿಗೆ, ಅರವತ್ತು ದಾಟಿದ ಹಿರಿಯರಿಗೆ ಅದು ದೂರದ ಮಾತೇ ಸರಿ. ಅಂಥವರಿಗಾಗಿ ಮನೆಯೊಳಗೇ ಒಂದು ಚಿಕ್ಕ ಗರಡಿ ಮಾಡಿಕೊಳ್ಳುವುದು ಹೇಗೆ, ಅದರ ಸಾಮಾನು ಯಾವುದು, ಅದನ್ನು ಬಳಸುವ ರೀತಿ ಏನು ಎಂಬುದನ್ನು ಈ ಹೊತ್ತು ನೋಡೋಣ.

ಮೊದಲು ಒಂದು ಪ್ರಶ್ನೆ ಬರುತ್ತದೆ. ‘ನಾವು ಹೊಲದಲ್ಲಿ ದುಡಿಯುವ ಮಂದಿ, ನಮಗೆ ಬೇರೆ ವ್ಯಾಯಾಮ ಯಾಕ್ರೀ?’ ಈ ಪ್ರಶ್ನೆಯಲ್ಲಿ ಅರ್ಧ ಸತ್ಯ ಇದೆ. ಆದರೆ ನೇಗಿಲು ಹೋಗಿ ಟ್ರ್ಯಾಕ್ಟರ್ ಬಂತು, ಬಾವಿಯ ಹಗ್ಗ ಹೋಗಿ ಮೋಟಾರು ಬಂತು, ನಡೆದು ಹೋಗುತ್ತಿದ್ದ ದಾರಿಗೆ ಬೈಕು ಬಂತು. ಉಳಿದಿರುವ ದುಡಿಮೆಯೂ ಮೈಗೆಲ್ಲ ಸಮನಾಗಿ ಬೀಳುವುದಿಲ್ಲ. ಕಳೆ ತೆಗೆಯುವವರ ಸೊಂಟ ದಿನವಿಡೀ ಬಾಗಿಯೇ ಇರುತ್ತದೆ, ಕಬ್ಬು ಕಡಿಯುವವರಿಗೆ ಒಂದೇ ತೋಳು ಸವೆಯುತ್ತದೆ. ದುಡಿಮೆ ಬೆಳೆಯ ಹದ ನೋಡುತ್ತದೆಯೇ ಹೊರತು ದೇಹದ ಹದ ನೋಡುವುದಿಲ್ಲ. ದೇಹದ ಹದ ನೋಡುವುದು ವ್ಯಾಯಾಮದ ಕೆಲಸ.

ಮೂವತ್ತು-ನಲವತ್ತು ದಾಟಿದ ಮೇಲೆ ಸ್ನಾಯು ನಿಧಾನವಾಗಿ ಕರಗತೊಡಗುತ್ತದೆ. ಅರವತ್ತರ ನಂತರ ಅದರ ವೇಗ ಹೆಚ್ಚುತ್ತದೆ. ಆಗ ಮೊದಲು ಕೈಕೊಡುವುದು ತೊಡೆ. ನೆಲದ ಮೇಲೆ ಊಟಕ್ಕೆ ಕೂತವರು ಏಳಲು ಗೋಡೆ ಹುಡುಕುತ್ತಾರೆ. ಬಚ್ಚಲಲ್ಲಿ ಜಾರಿದರೆ ಸಾವರಿಸಿಕೊಳ್ಳಲು ಕಾಲಲ್ಲಿ ಬಲ ಇರುವುದಿಲ್ಲ. ಸೊಂಟದ ಎಲುಬು ಮುರಿದರೆ ಮುಂದಿನದು ನಿಮಗೇ ಗೊತ್ತು. ಇನ್ನೊಂದು ಮಾತು. ಊಟದಿಂದ ರಕ್ತಕ್ಕೆ ಸೇರಿದ ಸಕ್ಕರೆಯ ಬಹುಪಾಲನ್ನು ಹೀರಿಕೊಳ್ಳುವುದು ಸ್ನಾಯುಗಳೇ. ಆದ್ದರಿಂದ ಸಕ್ಕರೆ ಕಾಯಿಲೆ ಇದ್ದವರಿಗೆ ಸ್ನಾಯುಬಲ ಔಷಧಿಯ ಜೊತೆಗಿನ ಎರಡನೆಯ ಆಸರೆ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊರಡಿಸಿದ ಸೂಚನೆಯಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷದ ಸಾಧಾರಣ ವ್ಯಾಯಾಮದ ಜೊತೆಗೆ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ವ್ಯಾಯಾಮ ಬೇಕು ಎಂದಿದೆ. 65 ದಾಟಿದವರು ವಾರಕ್ಕೆ ಮೂರು ದಿನವಾದರೂ ಬಲ ಮತ್ತು ಸಮತೋಲನದ ವ್ಯಾಯಾಮ ಮಾಡಬೇಕೆಂದೂ ಹೇಳಿದೆ. ಅಂದರೆ ಮುದುಕರಾದ ಮೇಲೆ ವ್ಯಾಯಾಮ ಕಡಿಮೆಯಾಗಬೇಕು ಎಂಬ ನಮ್ಮ ರೂಢಿಯ ಮಾತು ತಲೆಕೆಳಗಾದದ್ದು.

ಈಗ ಜಾಗದ ವಿಚಾರ. ಅಂಗಾತ ಮಲಗಿ ಎರಡೂ ಕೈ ಚಾಚುವಷ್ಟು ಸ್ಥಳ ಸಾಕು. ನೆಲ ಒದ್ದೆ ಇರಬಾರದು, ಗಾಳಿ ಬೆಳಕು ಇರಬೇಕು. ನುಣುಪಾದ ಫರಸಿಯ ಮೇಲೆ ಜಾರುವ ಚಾಪೆ ಬೇಡ.

ಸಾಮಾನಿನಲ್ಲಿ ಮೊದಲನೆಯದು ತೂಕ. ಅಂಗಡಿಯ ಡಂಬೆಲ್ ಕೊಳ್ಳುವುದಾದರೆ ಕೊಳ್ಳಿ. ಆದರೆ ಎರಡೂವರೆ ಕಿಲೋದ ಜೋಡಿ ಆದ ಮೇಲೆ ಐದರದ್ದು ತಂದರೆ ತೂಕ ಒಮ್ಮೆಲೇ ಇಮ್ಮಡಿಯಾಯಿತು. ಅದಕ್ಕಿಂತ, ಹಿಡಿಕೆ ಇರುವ 5 ಲೀಟರಿನ ಎಣ್ಣೆ ಕ್ಯಾನು ಎರಡು ಖಾಲಿಯಾದಾಗ ತೊಳೆದು ಇಟ್ಟುಕೊಳ್ಳಿ. ಒಂದು ಲೀಟರು ನೀರು ಎಂದರೆ ಒಂದು ಕಿಲೋ. ಎರಡು ಲೀಟರಿನಿಂದ ಸುರುಮಾಡಿ, ದೇಹ ಒಪ್ಪಿದಂತೆ ಒಂದೊಂದು ಲೋಟ ನೀರು ಹೆಚ್ಚಿಸುತ್ತ ಹೋಗಬಹುದು. ಇಷ್ಟು ಸಣ್ಣ ಮೆಟ್ಟಿಲು ಅಂಗಡಿಯ ತೂಕದಲ್ಲಿ ಸಿಗುವುದಿಲ್ಲ. ಕೈ ತೀರಾ ಸೋತವರು ಒಂದು ಲೀಟರಿನ ಬಾಟಲಿ ಹಿಡಿಯಲಿ. ಅದರಲ್ಲಿ ಒಣ ಮರಳು ತುಂಬಿದರೆ ಸುಮಾರು ಒಂದೂವರೆ ಕಿಲೋ ಆಗುತ್ತದೆ. ಮುಚ್ಚಳ ಮಾತ್ರ ಬಿಗಿಯಾಗಿರಬೇಕು.

ಎಷ್ಟು ತೂಕ ಸರಿ ಎಂದು ತಿಳಿಯುವುದು ಹೇಗೆ? ಹತ್ತು-ಹನ್ನೆರಡು ಸಲ ಎತ್ತಬೇಕು, ಕೊನೆಯ ಎರಡು ಸಲ ಕಷ್ಟ ಅನ್ನಿಸಬೇಕು, ಆದರೆ ಬೆನ್ನು ಡೊಂಕಾಗಬಾರದು, ಉಸಿರು ಕಟ್ಟಬಾರದು. ಅದೇ ನಿಮ್ಮ ತೂಕ. ಹನ್ನೆರಡು ಸಲವೂ ಹಗುರ ಅನ್ನಿಸತೊಡಗಿದರೆ ಒಂದು ಲೋಟ ಕೂಡಿಸಿ. ಹೀಗೆ ಕ್ರಮವಾಗಿ ಹೆಚ್ಚಿಸುವ ಪದ್ಧತಿಯನ್ನು ಆಸ್ಪತ್ರೆಗೆ ತಂದವರಲ್ಲಿ ಮುಖ್ಯರಾದವರು ಅಮೆರಿಕದ ಸೈನ್ಯದ ವೈದ್ಯ ಥಾಮಸ್ ಡಿಲೋರ್ಮ್. ಎರಡನೆಯ ಮಹಾಯುದ್ಧದಲ್ಲಿ ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ ಕಬ್ಬಿಣದ ತೂಕ ಕಟ್ಟಿ, ಅದನ್ನು ಹಂತ ಹಂತವಾಗಿ ಏರಿಸಿ ಅವರು ಕಾಲಿಗೆ ಬಲ ತಂದರು. 1945ರಲ್ಲಿ ಅದನ್ನು ಬರೆದು ಪ್ರಕಟಿಸಿದರು. ಇಂದಿಗೂ ಎಲ್ಲ ಜಿಮ್ಮುಗಳ ಬೆನ್ನೆಲುಬು ಇದೇ ತತ್ವ.

ತೂಕದಿಂದ ಮಾಡುವ ಮೂರು ವ್ಯಾಯಾಮ ಕಲಿತರೆ ಸಾಕು. ಒಂದು, ಭುಜದ ಮಟ್ಟದಿಂದ ತಲೆಯ ಮೇಲಕ್ಕೆ ಎತ್ತುವುದು. ಎರಡು, ಒಂದು ಕೈಯನ್ನು ಗಟ್ಟಿ ಸ್ಟೂಲಿನ ಮೇಲೆ ಊರಿ, ಬೆನ್ನು ನೆಟ್ಟಗಿಟ್ಟು ಮುಂದೆ ಬಾಗಿ, ಇನ್ನೊಂದು ಕೈಯ ತೂಕವನ್ನು ಸೊಂಟದ ಕಡೆಗೆ ಎಳೆಯುವುದು. ಮೂರು, ತೂಕವನ್ನು ಎದೆಗೆ ಅವಚಿ ಹಿಡಿದು ಬೈಠಕ ಮಾಡುವುದು. ಬೈಠಕದಲ್ಲಿ ಮೊಣಕಾಲು ಒಳಕ್ಕೆ ವಾಲದೆ ಪಾದದ ದಿಕ್ಕಿನಲ್ಲೇ ಇರಲಿ. ಎತ್ತುವಾಗ ಉಸಿರು ಬಿಡಬೇಕು, ಇಳಿಸುವಾಗ ಎಳೆದುಕೊಳ್ಳಬೇಕು. ಇಳಿಸುವುದನ್ನು ಎತ್ತಿದ್ದಕ್ಕಿಂತ ನಿಧಾನವಾಗಿ ಮಾಡಿ. ಧಡಕ್ಕನೆ ಬಿಟ್ಟರೆ ಅರ್ಧ ಲಾಭ ಹೋಯಿತು.

ಎರಡನೆಯ ಸಾಮಾನು ಸ್ಟೂಲು. ಹಿರಿಯರಿಗೆ ಇದೇ ದೊಡ್ಡ ಯಂತ್ರ. ಸ್ಟೂಲನ್ನು ಗೋಡೆಗೆ ತಾಗಿಸಿ ಇಡಿ. ಕೈ ಊರದೆ ಏಳುವುದು, ಕೂಡುವುದು. ಮೊದಲ ವಾರ ಐದು ಸಲ, ಆಮೇಲೆ ಎಂಟು, ಹತ್ತು. ಕೈ ಊರದೆ ಆಗದಿದ್ದರೆ ಒಂದು ಕೈ ಊರಿ. ದಂಡ ಹೊಡೆಯುವುದು, ಅಂದರೆ ಮರಾಠಿಯ ಜೋರ, ನೆಲದ ಮೇಲೆ ಆಗದವರು ಗೋಡೆಗೆ ಅಂಗೈ ಊರಿ ಮಾಡಲಿ. ಗೋಡೆ ಸುಲಭವಾದ ಮೇಲೆ ಕಟ್ಟೆ, ಕಟ್ಟೆ ಸುಲಭವಾದ ಮೇಲೆ ನೆಲ.

ಮೂರನೆಯದು ರಬ್ಬರಿನ ಪಟ್ಟಿ. ಹಗುರ, ಬೆಲೆ ಕಡಿಮೆ, ಮಡಚಿ ಜೇಬಿನಲ್ಲಿ ಇಡಬಹುದು. ಕಿಟಕಿಯ ಗಟ್ಟಿ ಸರಳಿಗೆ ಹಾಕಿ ಎದೆಯ ಕಡೆಗೆ ಎಳೆಯಿರಿ. ಸದಾ ಮುಂದೆ ಬಾಗಿ ದುಡಿಯುವವರ ಬೆನ್ನಿಗೆ ಇದು ಬಹಳ ಹಿತ. ಬಳಸುವ ಮುಂಚೆ ಎಲ್ಲಿಯಾದರೂ ಸೀಳಿದೆಯೇ ನೋಡಿ. ತುಂಡಾದರೆ ಕಣ್ಣಿಗೆ ಬಡಿಯಬಹುದು. ಬಿಸಿಲಿನಲ್ಲಿ ಬಿಟ್ಟರೆ ಬೇಗ ಹಾಳಾಗುತ್ತದೆ.

ನಾಲ್ಕನೆಯದು ಜಿಗಿಯುವ ಹಗ್ಗ. ಹಗ್ಗದ ನಡುವೆ ಕಾಲಿಟ್ಟು ನಿಂತಾಗ ಎರಡೂ ತುದಿ ಕಂಕುಳಿನ ತನಕ ಬಂದರೆ ಅಳತೆ ಸರಿ. ಹಗ್ಗ ದಾಟುವಷ್ಟೇ ಜಿಗಿಯಬೇಕು, ಮುಂಗಾಲ ಮೇಲೆ ಇಳಿಯಬೇಕು. ಮೊಣಕಾಲು ನೋವು ಇದ್ದವರಿಗೆ, ಬಹಳ ಭಾರದ ಮೈಯವರಿಗೆ ಇದು ಬೇಡ. ಅವರಿಗೆ ನಡಿಗೆಯೇ ಮೇಲು.

ಮನೆಯಲ್ಲಿ ಹಿರಿಯರು ಬಿಟ್ಟುಹೋದ ಕರೇಲಾ ಜೋಡಿ ಇದ್ದರೆ ಅದನ್ನು ಅಟ್ಟದ ಮೇಲೆ ಎಸೆಯಬೇಡಿ. ಹೆಗಲಿನ ಕೀಲು ಸಡಿಲಾಗಿ ತಿರುಗಲು ಅದರಂಥ ಸಾಧನ ಅಪರೂಪ. ಆದರೆ ಹಿಡಿಕೆ ಬಿರುಕು ಬಿಟ್ಟಿರಬಾರದು, ಸುತ್ತ ಮಕ್ಕಳು ಇರಬಾರದು, ಹಗುರವಾದುದರಿಂದಲೇ ಸುರುವಾಗಬೇಕು.

ಇನ್ನು ಕ್ರಮ. ವಾರಕ್ಕೆ ಮೂರು ದಿನ, ದಿನಕ್ಕೆ ಇಪ್ಪತ್ತೈದು ನಿಮಿಷ. ಮೊದಲ ಐದು ನಿಮಿಷ ಕೈಕಾಲು ಆಡಿಸಿ ಮೈ ಬೆಚ್ಚಗೆ ಮಾಡಿಕೊಳ್ಳಿ. ಆಮೇಲೆ ಐದು ವ್ಯಾಯಾಮ, ಒಂದೊಂದಕ್ಕೂ ಎರಡು ಸರತಿ, ನಡುವೆ ಒಂದು ನಿಮಿಷ ವಿಶ್ರಾಂತಿ. ನಡುವಿನ ದಿನ ಬಿಡುವು ಕೊಡಿ, ಯಾಕೆಂದರೆ ಸ್ನಾಯು ಬೆಳೆಯುವುದು ಬಿಡುವಿನಲ್ಲೇ. ಉಂಡು ಎರಡು ತಾಸು ಆಗಿರಲಿ. ಮಾಡಿದ ದಿನ ಗೋಡೆಯ ಕ್ಯಾಲೆಂಡರಿನಲ್ಲಿ ಎಷ್ಟು ತೂಕ, ಎಷ್ಟು ಸಲ ಎಂದು ಬರೆಯಿರಿ. ಹಾಲಿನ ಲೆಕ್ಕ ಬರೆಯುವ ಮನೆಯಲ್ಲಿ ಇದು ಕಷ್ಟವಲ್ಲ.

ಕೆಲವರು ಮೊದಲು ವೈದ್ಯರನ್ನು ಕೇಳಬೇಕು. ರಕ್ತದ ಒತ್ತಡ ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇದ್ದವರು, ಹರ್ನಿಯಾ ಇದ್ದವರು, ಆಪರೇಷನ್ ಆದವರು, ಗರ್ಭಿಣಿಯರು. ಇನ್ಸುಲಿನ್ ತೆಗೆದುಕೊಳ್ಳುವವರು ಹತ್ತಿರ ಸಕ್ಕರೆ ಇಟ್ಟುಕೊಳ್ಳಿ. ಎದೆಯಲ್ಲಿ ನೋವು, ತಲೆ ಸುತ್ತು ಬಂದರೆ ಅಲ್ಲಿಗೇ ನಿಲ್ಲಿಸಿ ಆಸ್ಪತ್ರೆಗೆ ಹೋಗಿ. ಡಬ್ಬಿಯ ಪೌಡರಿಗೆ ಹಣ ಸುರಿಯಬೇಕಾಗಿಲ್ಲ. ಮಡಕಿ ಕಾಳು, ಹೆಸರು, ಶೇಂಗಾ, ಮೊಸರು, ತಿನ್ನುವವರಿಗೆ ಮೊಟ್ಟೆ, ಇವು ನಮ್ಮ ಅಡುಗೆ ಮನೆಯಲ್ಲೇ ಇವೆ.

ಕಲಿಸುವವರು ಯಾರು ಎಂದು ಕೇಳಬಹುದು. ಬೆಂಗಳೂರಿನ ವ್ಯಾಯಾಮಾಚಾರ್ಯ, ‘ಶಾಂತಲಾ’ ಕಾದಂಬರಿ ಬರೆದ ಕೆ.ವಿ. ಅಯ್ಯರ್ ಅವರು ಅಂಚೆಯ ಮೂಲಕವೇ ದೂರದವರಿಗೆ ಅಂಗಸಾಧನೆಯ ಪಾಠ ಕಳಿಸುತ್ತಿದ್ದರು. ಕಾಗದ ಓದಿ ಮನೆಯಲ್ಲೇ ಮಾಡಿದ ಜನ ಆ ಕಾಲಕ್ಕೇ ಇದ್ದರು. ನಿಮ್ಮ ಊರಿನಲ್ಲಿ ಹಳೆಯ ಪೈಲವಾನರೋ ಶಾಲೆಯ ವ್ಯಾಯಾಮ ಮಾಸ್ತರರೋ ಇದ್ದರೆ ಮೊದಲ ನಾಲ್ಕು ದಿನ ಅವರಿಗೆ ತೋರಿಸಿ ತಿದ್ದಿಸಿಕೊಳ್ಳಿ. ಕರೆದರೆ ಅವರೂ ಸಂತೋಷದಿಂದ ಬಂದಾರು.

ಕೊನೆಗೆ ಒಂದು ವಿನಂತಿ. ಗರಡಿ ಎಂದರೆ ಹುಡುಗರದ್ದು ಎಂಬ ಮಾತು ಮನೆಯ ಹೊಸ್ತಿಲ ಹೊರಗೇ ಇರಲಿ. ಮಗ ಐದು ಕಿಲೋ ಎತ್ತಲಿ, ಸೊಸೆ ಮೂರು ಎತ್ತಲಿ, ಅಜ್ಜಿ ಸ್ಟೂಲಿನಿಂದ ಎದ್ದು ಕೂಡಲಿ. ಈ ಮೂವರಲ್ಲಿ ಹೆಚ್ಚಿನ ಲಾಭ ಅಜ್ಜಿಗೇ. ಯಾರ ಕೈ ಹಿಡಿಯದೆ ನೆಲದಿಂದ ಏಳುವುದು, ತನ್ನ ಬಚ್ಚಲಿಗೆ ತಾನೇ ಹೋಗಿಬರುವುದು ಮುಪ್ಪಿನಲ್ಲಿ ಪೈಲವಾನಿಕೆಗಿಂತ ದೊಡ್ಡ ಬಲ. ಅದನ್ನು ಗಳಿಸಲು ಎರಡು ಎಣ್ಣೆ ಕ್ಯಾನು, ಒಂದು ಸ್ಟೂಲು, ವಾರದಲ್ಲಿ ಮೂರು ದಿನ ಸಾಕು. ಬರುವ ಸೋಮವಾರದಿಂದಲೇ ಸುರುಮಾಡಿ.