‘ನನ್ನನ್ನು ಹುಡುಕು’: ಒಂದು ಪುಸ್ತಕ, ನಾಲ್ಕು ತರದ ಓದುಗರು

(ಓದುವ ಕೂಟದಲ್ಲಿ ಆಡಿದ ಮಾತು)



ಇವತ್ತು ಒಂದು ಪುಸ್ತಕದ ಸುದ್ದಿ ಹೇಳ್ತೀನಿ. ಪುಸ್ತಕ ಇಂಗ್ಲಿಷಿನದು. ಅಮೆರಿಕದ್ದು. “ನಮಗ್ಯಾಕ್ರಿ ಅದು?” ಅಂತ ಹಿಂದೆ ಕೂತವರು ನಗ್ತಾ ಇದ್ದೀರಿ. ಸ್ವಲ್ಪ ತಾಳ್ರಿ. ಆ ಪುಸ್ತಕ ಓದಿದವರು ಒಬ್ಬರಿಗೊಬ್ಬರು ಒಪ್ಪಲಿಲ್ಲ. ಆ ಜಗಳ ನಮಗೂ ಗೊತ್ತಿರಬೇಕಾದದ್ದು.

ಬರೆದವರು ರೋಸಿ ಓಡಾನೆಲ್. ನಗೆಮಾತಿನ ಕಲಾವಿದೆ. ಸಿನಿಮಾದಲ್ಲೂ ಪಾತ್ರ ಮಾಡಿದವರು. 1996ರಿಂದ 2002ರವರೆಗೆ ಆರು ವರ್ಷ ಟಿ.ವಿ.ಯಲ್ಲಿ ಅವರದೇ ಹೆಸರಿನ ಕಾರ್ಯಕ್ರಮ ಬರ್ತಿತ್ತು. ಹಗಲು ಹೊತ್ತು, ಮನೆಯಲ್ಲಿರುವ ಹೆಂಗಸರು ಕೂತು ನೋಡುವ ಕಾರ್ಯಕ್ರಮ. ಬಂದವರನ್ನು ನಗಿಸೋರು, ಮಕ್ಕಳಿಗೆ ಆಟಿಕೆ ಹಂಚೋರು. ಪತ್ರಿಕೆಯವರು ಅವರಿಗೆ “ಒಳ್ಳೆತನದ ರಾಣಿ” ಅಂತ ಹೆಸರಿಟ್ಟಿದ್ದರು. ಇಂಥವರಿಗೆ ಅಭಿಮಾನಿಗಳು ಎಷ್ಟಿರಬೇಕು, ನೀವೇ ಲೆಕ್ಕ ಹಾಕಿ.

2002ರಲ್ಲಿ ಅವರ ಪುಸ್ತಕ ಬಂತು. ಹೆಸರು ‘ಫೈಂಡ್ ಮಿ’. ಅಂದ್ರೆ ‘ನನ್ನನ್ನು ಹುಡುಕು’.

ಕಥೆ ಹೀಗಿದೆ. ರೋಸಿ ಮಕ್ಕಳನ್ನು ದತ್ತು ತಗೊಂಡ ತಾಯಿ. ದತ್ತು ಕೊಡಿಸುವ ಒಂದು ಸಂಸ್ಥೆಯ ಜೊತೆ ಅವರಿಗೆ ನಂಟಿತ್ತು. ಒಂದು ದಿನ ಅಲ್ಲಿನ ಫೋನಿಗೆ ಒಂದು ಸಂದೇಶ ಬರುತ್ತದೆ. ಹದಿನಾಲ್ಕು ವರ್ಷದ ಹುಡುಗಿ. ಅತ್ಯಾಚಾರವಾಗಿದೆ, ಬಸುರಿಯಾಗಿದ್ದಾಳೆ. ಪುಸ್ತಕದಲ್ಲಿ ಆಕೆಯ ಹೆಸರು ಸ್ಟೇಸಿ. ಅಷ್ಟು ದೊಡ್ಡ ತಾರೆ, ಯಾರಿಗಾದರೂ ಹೇಳಿ ಫೋನ್ ಮಾಡಿಸಬಹುದಿತ್ತು. ಹಾಗೆ ಮಾಡಲಿಲ್ಲ. ತಾವೇ ಫೋನ್ ಹಚ್ಚಿದರು. ಒಂದು ಸಲ, ಎರಡು ಸಲ, ಆಮೇಲೆ ಮತ್ತೆ ಮತ್ತೆ. ಆ ಹುಡುಗಿಯನ್ನು ಉಳಿಸಬೇಕು ಅನ್ನೋ ಹಟ ಹತ್ತಿತು.

ಕೊನೆಗೆ ತಿಳಿದದ್ದೇನು? ಅಂಥ ಹುಡುಗಿ ಇರಲೇ ಇಲ್ಲ. ಫೋನಿನ ಆ ತುದಿಯಲ್ಲಿ ಇದ್ದದ್ದು ದೊಡ್ಡ ವಯಸ್ಸಿನ ಹೆಂಗಸು. ಆಕೆಗೆ ಮನಸ್ಸಿನ ಒಂದು ಕಾಯಿಲೆ. ಒಬ್ಬಳೇ ಮನುಷ್ಯಳು, ಒಳಗೆ ಹಲವರು. ಒಬ್ಬರಾಗಿ ಮಾತಾಡಿದ್ದು ಇನ್ನೊಬ್ಬರಿಗೆ ನೆನಪೇ ಇರೋದಿಲ್ಲ. ಚಿಕ್ಕವರಿದ್ದಾಗ ಬಹಳ ಹಿಂಸೆ ಕಂಡವರಿಗೆ ಹೀಗೆ ಆಗ್ತದೆ ಅಂತ ಬಹಳ ವೈದ್ಯರು ಹೇಳ್ತಾರೆ. ವೈದ್ಯರಲ್ಲೂ ಈ ಕಾಯಿಲೆಯ ಬಗ್ಗೆ ಒಮ್ಮತ ಇಲ್ಲ, ಅದು ಬೇರೆ ಮಾತು. ಮೊದಲು ಇದಕ್ಕೆ ಬಹುವ್ಯಕ್ತಿತ್ವ ಅಂತ ಹೆಸರಿತ್ತು. 1994ರಲ್ಲಿ ಅಮೆರಿಕದ ವೈದ್ಯರು ಆ ಹೆಸರು ಬದಲಿಸಿದರು. ಒಳಗೆ ಬಹಳ ಜನ ಸೇರ್‍ಯಾರೆ ಅನ್ನೋದಲ್ಲ, ಒಬ್ಬಳ ಮನಸ್ಸೇ ಒಡೆದು ಚೂರಾಗಿದೆ ಅನ್ನೋದು ಹೊಸ ಹೆಸರಿನ ಅರ್ಥ.

ಹಾಗಾದರೆ ಆ ಹೆಂಗಸು ಸುಳ್ಳು ಹೇಳಿದಳೇ? ಹದಿನಾಲ್ಕರ ಹುಡುಗಿ ಅನ್ನೋದು ಸುಳ್ಳು. ನೋವು ಖರೆ. ಎರಡೂ ಒಟ್ಟಿಗೇ ಇದ್ದವು. ಓದುಗರು ಹರಿದು ಹಂಚಿಹೋದದ್ದು ಇಲ್ಲಿಯೇ.

ಮೊದಲು ಸಿಟ್ಟಾದವರ ಮಾತು. ಪುಸ್ತಕ ಬರುವ ಸ್ವಲ್ಪ ದಿನ ಮೊದಲು, 2002ರ ಮಾರ್ಚಿನಲ್ಲಿ, ರೋಸಿ ಟಿ.ವಿ.ಯಲ್ಲಿ ಒಂದು ಮಾತು ಹೇಳಿದ್ದರು. ತಾನು ಹೆಣ್ಣನ್ನೇ ಸಂಗಾತಿಯಾಗಿ ಮೆಚ್ಚುವ ಹೆಣ್ಣು ಅಂತ. ಫ್ಲಾರಿಡಾ ಎಂಬ ಅವರ ದೇಶದ ಒಂದು ರಾಜ್ಯದಲ್ಲಿ ಅಂಥವರು ಮಕ್ಕಳನ್ನು ದತ್ತು ತಗೊಳ್ಳೋ ಹಾಗಿರಲಿಲ್ಲ. ಆ ಕಾನೂನಿನ ವಿರುದ್ಧ ಮಾತಾಡೋಕೆ ಅಂತಲೇ ಹೇಳಿದರು. (ಆ ನಿಷೇಧ 2010ರಲ್ಲಿ ಹೋಯಿತು.) ಸುದ್ದಿ ಊರೆಲ್ಲ ಹಬ್ಬಿತು. ಜನ ಪುಸ್ತಕ ಕೊಂಡರು. ಆಕೆಯ ಬಾಳಿನ ಗುಟ್ಟೆಲ್ಲ ಇದರಲ್ಲಿ ಇರ್ತದೆ ಅಂತ ತೆರೆದರೆ ಪುಟಪುಟದಲ್ಲೂ ಸ್ಟೇಸಿ! “ಜಾತ್ರೆಗೆ ಅಂತ ಹೊರಟು ಯಾರದೋ ಮನೆಯ ದುಃಖದೊಳಗೆ ಹೊಕ್ಕ ಹಾಗಾಯ್ತು” ಅಂತೀವಲ್ಲ, ಹಾಗೆ. ಇದು ಆತ್ಮಕಥೆಯೇ ಅಲ್ಲ ಅಂದರು. ಈ ದೂರು ನನಗೆ ಅಷ್ಟು ದೊಡ್ಡದು ಅನಿಸೋದಿಲ್ಲ. ಕೊಂಡವರಿಗೆ ಬೇಸರವಾಗಿರಬಹುದು, ಅಷ್ಟೇ.

ಇನ್ನು ಕೆಲವರಿಗೆ ಅದೇ ಪುಸ್ತಕ ಕಣ್ಣೀರು ತರಿಸಿತು. ಚಿಕ್ಕಂದಿನಲ್ಲಿ ಹಿಂಸೆ ಕಂಡವರು, ಚಿಕ್ಕ ವಯಸ್ಸಿಗೇ ತಾಯಿಯನ್ನು ಕಳಕೊಂಡವರು ಇದರಲ್ಲಿ ತಮ್ಮನ್ನೇ ಕಂಡರು. ಯಾಕಂದ್ರೆ ರೋಸಿಯ ತಾಯಿ 1973ರಲ್ಲಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡರು. ರೋಸಿಗೆ ಆಗ ಹತ್ತು ವರ್ಷ. ಹನ್ನೊಂದನೇ ಹುಟ್ಟುಹಬ್ಬಕ್ಕೆ ಉಳಿದದ್ದು ನಾಲ್ಕು ದಿನ. ಮನೆಯಲ್ಲಿ ಐದು ಮಕ್ಕಳು. ಆ ಹೊತ್ತಿನಿಂದ ಟಿ.ವಿ. ಆ ಹುಡುಗಿಗೆ ಆಸರೆಯಾಯಿತು. ಟಿ.ವಿ.ಯೊಳಗಿನ ಯಾರೋ ತನ್ನನ್ನು ಬಲ್ಲರು ಅಂತ ಅನಿಸೋದು ಹೇಗೆ ಅನ್ನೋದು ರೋಸಿಗೆ ಚೆನ್ನಾಗಿ ಗೊತ್ತಿತ್ತು. ದೊಡ್ಡವಳಾದ ಮೇಲೆ ತಾನೇ ಟಿ.ವಿ.ಯೊಳಗೆ ಹೋದಳು. ಹೊರಗಿನಿಂದ ಇನ್ನೊಬ್ಬಳು ಕೂಗಿದಳು. ಓಡದೆ ಇರೋಕೆ ಆಗ್ತದೇನ್ರಿ?

ಮೂರನೆಯವರ ಪ್ರಶ್ನೆ ಗಟ್ಟಿಯಾದದ್ದು. ಅವರು ಕೇಳಿದರು: ಕಾಯಿಲೆಯವಳ ಗುಟ್ಟನ್ನು ಹೀಗೆ ಪುಸ್ತಕ ಮಾಡಿ ಮಾರಬಹುದೇ? ಹೆಸರು ಬದಲಿಸಿದರೆ ಸಾಕೇ? ಸಹಾಯ ಮಾಡಿದೆ ಅಂತ ಹೇಳುವಾಗ ಅದರಲ್ಲಿ ತನ್ನ ದೊಡ್ಡಸ್ತಿಕೆಯ ಪಾಲೆಷ್ಟು? ಈ ಪ್ರಶ್ನೆಗೆ ನನ್ನ ಹತ್ತಿರ ಸುಲಭದ ಉತ್ತರ ಇಲ್ಲ. ಒಂದಂತೂ ಹೇಳ್ತೀನಿ. ರೋಸಿ ತನ್ನನ್ನು ದೇವತೆ ಅಂತ ತೋರಿಸಿಕೊಂಡಿಲ್ಲ. ಎಲ್ಲರನ್ನೂ ಉಳಿಸಲು ಓಡುವುದು ತನಗಿರುವ ಒಂದು ಚಟ ಅಂತ ಒಪ್ಪಿಕೊಂಡಿದ್ದಾರೆ. ತನಗೂ ಖಿನ್ನತೆ ಇತ್ತು ಅಂತ ಮುಚ್ಚಿಡದೆ ಹೇಳಿದವರು ಅವರು.

ನಾಲ್ಕನೆಯವರು ನಮ್ಮಂಥವರು. “ಇಷ್ಟು ತಿಳಿದವಳು ಮೋಸ ಹೋದಳಲ್ಲ, ದಡ್ಡಿ!” ಅಂದವರು. ಫೋನಿನ ದನಿ ನಂಬಿ ಹೋದದ್ದು ರೋಸಿ ಒಬ್ಬರೇ ಅಲ್ಲ. 1993ರಲ್ಲಿ ಅಮೆರಿಕದಲ್ಲೇ ಏಡ್ಸ್ ಬಂದ ಹುಡುಗನೊಬ್ಬ ಬರೆದದ್ದು ಅಂತ ಒಂದು ಪುಸ್ತಕ ಹೊರಬಿತ್ತು. ಆರ್ಮಿಸ್ಟೆಡ್ ಮಾಪಿನ್ ಎಂಬ ಹೆಸರಾಂತ ಲೇಖಕರು ಆ ಹುಡುಗನ ಜೊತೆ ಫೋನಿನಲ್ಲಿ ಬಹಳ ಕಾಲ ಮಾತಾಡಿದರು. ಹುಡುಗನ ದನಿ, ಅವನ ಸಾಕುತಾಯಿಯ ದನಿ ಒಂದೇ ತರ ಇದೆಯಲ್ಲ ಅಂತ ಆಮೇಲೆ ಅನುಮಾನ ಬಂತು. ಹುಡುಗನನ್ನು ಕಣ್ಣಾರೆ ಕಂಡೆ ಅನ್ನೋ ಲೇಖಕರು ಸಿಗಲಿಲ್ಲ. ಮಾಪಿನ್ ಅದನ್ನೇ ಇಟ್ಟುಕೊಂಡು 2000ದಲ್ಲಿ ಒಂದು ಕಾದಂಬರಿ ಬರೆದರು. ಓದಿದವರೂ ಬರೆಯುವವರೂ ನಂಬಿದರು ಅಂದ ಮೇಲೆ ದಡ್ಡತನದ ಮಾತು ಬಿಡ್ರಿ. ಅಳುವ ಮಗುವಿನ ದನಿ ಕೇಳಿದರೆ ಗುರುತಿನ ಚೀಟಿ ಯಾರು ಕೇಳ್ತಾರೆ?

ನಮ್ಮಲ್ಲೂ ತಾರೆ ಅಂದ್ರೆ ಮನೆಯವರೇ. ಡಾ. ರಾಜಕುಮಾರ್ ಅಭಿಮಾನಿಗಳನ್ನು ದೇವರು ಅಂತ ಕರೆದರು. ಕೇಳಿ ನಮ್ಮ ಎದೆ ಉಬ್ಬಿತು. ಆದರೆ ದೇವರ ಪಟ್ಟ ಸಿಕ್ಕ ಅಭಿಮಾನಿಗಳಲ್ಲಿ ಒಬ್ಬರಿಗೆ ರಾತ್ರಿ ನಿದ್ದೆ ಬಾರದೆ ಇದ್ದರೆ, ಸಾಯಬೇಕು ಅನಿಸಿದರೆ, ಯಾವ ತಾರೆಗೂ ಫೋನ್ ಮುಟ್ಟೋದಿಲ್ಲ. ಮುಟ್ಟುವ ಫೋನ್ ಬೇರೆ ಇವೆ. ಪಾಟಿ ತಗೊಳ್ರಿ, ಅಂಕಿ ಬರೀರಿ. 14416. ಇದು ಟೆಲಿ ಮಾನಸ್. ಸರ್ಕಾರ 2022ರ ಅಕ್ಟೋಬರಿನಲ್ಲಿ ಶುರು ಮಾಡಿತು. ದುಡ್ಡು ಕೊಡಬೇಕಾಗಿಲ್ಲ, ಹಗಲು ರಾತ್ರಿ ಇರ್ತದೆ. ನಾವು ಮಹಾರಾಷ್ಟ್ರದಲ್ಲಿ ಇದ್ದರೂ ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳ್ರಿ. ಇನ್ನೊಂದು, 1098. ಮಕ್ಕಳಿಗೆ ಯಾರಾದರೂ ತೊಂದರೆ ಕೊಟ್ಟರೆ ಇದಕ್ಕೆ. ಹೆಂಗಸರಿಗೆ 181. ಈ ಮೂರು ಅಂಕಿ ಇವತ್ತಿನ ಬರಹ ಪಾಠ ಅಂತಲೇ ತಿಳೀರಿ. ಬಾಗಿಲ ಹಿಂದೆ ಬರೆದು ಅಂಟಿಸ್ರಿ.

ಇಲ್ಲಿ ಒಂದು ಮಾತು ಬಿಟ್ಟು ಹೋಗಬಾರದು. ಫೋನಿನಲ್ಲಿ ಅಳುವವರೆಲ್ಲ ಸ್ಟೇಸಿ ಅಲ್ಲ. ಅತ್ತು ದುಡ್ಡು ಕೇಳೋರು, ಓ.ಟಿ.ಪಿ. ಕೇಳೋರು ಬಹಳ ಇದ್ದಾರೆ. ಕಾಯಿಲೆಯ ಆ ಹೆಂಗಸು ಬೇಡಿದ್ದು ಯಾರಾದರೂ ಕೇಳಿಸಿಕೊಳ್ಳಲಿ ಅಂತ. ಕಿವಿ ಕೊಡೋದು ಬೇರೆ, ಬ್ಯಾಂಕಿನ ನಂಬರು ಕೊಡೋದು ಬೇರೆ. ಎರಡನ್ನೂ ಕಲಸಬ್ಯಾಡ್ರಿ.

ಈಗ ಪುಸ್ತಕದ ಹೆಸರಿಗೆ ಬರೋಣ. ‘ನನ್ನನ್ನು ಹುಡುಕು.’ ಯಾರು ಯಾರಿಗೆ ಹೇಳೋ ಮಾತು ಇದು? ಕಾಯಿಲೆಯ ಹೆಂಗಸು ರೋಸಿಗೆ ಹೇಳಿದ್ದೋ? ಹತ್ತು ವರ್ಷದ ರೋಸಿ ಹೋಗಿಬಿಟ್ಟ ಅವ್ವನಿಗೆ ಹೇಳಿದ್ದೋ? ಹೆಸರೊಂದರ ಮೇಲೆಯೇ ಇಬ್ಬರು ಓದುಗರು ಸಂಜೆತನಕ ವಾದ ಮಾಡಬಹುದು. ನನಗಂತೂ ಎರಡನೆಯದು ಸರಿ ಅನಿಸ್ತದೆ. ಆದರೆ ಈ ಪುಸ್ತಕದಲ್ಲಿ ಆ ಹೆಂಗಸಿನ ಮಾತೆಲ್ಲ ನಮಗೆ ಸಿಗೋದು ರೋಸಿಯ ಬಾಯಿಂದ. ಆಕೆಯೇ ಬರೆದಿದ್ದರೆ ಇದೇ ಹೆಸರು ಇಡ್ತಿದ್ದಳೋ, “ನನ್ನನ್ನು ನನ್ನ ಪಾಡಿಗೆ ಬಿಡ್ರಿ” ಅಂತ ಇಡ್ತಿದ್ದಳೋ?

ಶಾಂತವ್ವ, ನೀವು ಆಗಿನಿಂದ ಕೈ ಎತ್ತಿದ್ದೀರಿ. ನನ್ನ ಮಾತು ಇಷ್ಟೇ. ಈಗ ನೀವು ಹೇಳ್ರಿ.